ಗುಜರಿಯಲ್ಲಿ ಸಿಕ್ಕ ಕೆಂಪು ರೀಲ್: ಗುರುತು ಹಿಡಿದು ರಿಪೇರಿ ಮಾಡಿದ ನನ್ನ ಅನುಭವ

ಹಳೇ ಗಾಳದ ರೀಲ್, ಅಂದರೆ ಗಾಳದ ದಾರ ಸುತ್ತಿಡುವ ಸಲಕರಣೆ, ಕೈಗೆ ಸಿಕ್ಕರೆ ಹೆಚ್ಚಿನವರು ಮೊದಲು ಅದನ್ನು ತಿಕ್ಕಿ ಹೊಳಪು ಕೊಡೋಕೆ ಕೂರುತ್ತಾರೆ. ದಯವಿಟ್ಟು ಬೇಡ. ಮೊದಲು ತಿರುವಿ ಹಾಕಿ ಅದರ ಪಾದ ನೋಡಿ. ಪಾದ ಅಂದರೆ ರೀಲನ್ನು ಕೋಲಿಗೆ ಕೂರಿಸುವ ಚಪ್ಪಟೆ ಪಟ್ಟಿ. ಕಂಪನಿ ಹೆಸರು, ದೇಶದ ಹೆಸರು, ನಂಬರ್, ಇವುಗಳಲ್ಲಿ ಏನಾದರೂ ಒಂದು ಅಲ್ಲೋ ಪಕ್ಕದ ಪ್ಲೇಟಿನ ಮೇಲೋ ಸಾಮಾನ್ಯವಾಗಿ ಇರುತ್ತದೆ. ಪುಡಿ ಹಾಕಿ ತಿಕ್ಕಿದರೆ ಮೊದಲು ಅಳಿಸಿ ಹೋಗುವುದೇ ಆ ಸಣ್ಣ ಅಕ್ಷರ.

ನಾನು ಗದಗ-ಬೆಟಗೇರಿಯವನು. ಪ್ರಿಂಟಿಂಗ್ ಪ್ರೆಸ್ ಮಷಿನ್ ರಿಪೇರಿ ನನ್ನ ಕಸುಬು. ಮೊದಲು ಕಾಲಲ್ಲಿ ತುಳಿಯುವ ಟ್ರೆಡಲ್ ಮಷಿನ್, ಈಗ ಆಫ್‌ಸೆಟ್. ಗಾಳ ಹಾಕುವುದು ರಜೆ ದಿನದ ಚಟ. ಹಾಗಾಗಿ ಹುಬ್ಬಳ್ಳಿಗೆ ಬಿಡಿಭಾಗ ತರಲು ಹೋದಾಗೆಲ್ಲ ಗುಜರಿ ಅಂಗಡಿಗಳಲ್ಲಿ ಒಂದು ಸುತ್ತು ಹಾಕುತ್ತೇನೆ. ಅಲ್ಲೇ ಒಂದು ಹರಿದ ಚರ್ಮದ ಪೆಟ್ಟಿಗೆಯಲ್ಲಿ ಈ ರೀಲ್ ಇತ್ತು. ಜೊತೆಗೆ ಒಂದು ಪುಟ್ಟ ಪಾನಾ. ಅಂಗಡಿಯವರು ಕೈಯಲ್ಲಿ ತೂಗಿ ನೋಡಿ, "ಇದು ಹಿತ್ತಾಳಿ ಅಲ್ರೀ, ಅಲ್ಯುಮಿನಿಯಂ. ಕಿಲೋ ಲೆಕ್ಕದಾಗ ತಗೊಂಡ್ ಹೋಗ್ರಿ" ಅಂದರು. ಹಿಡಿಕೆ ಅಲುಗಾಡುತ್ತಿರಲಿಲ್ಲ. ಕೆಂಪು ಬಣ್ಣದ ಮೇಲೆ ಕಪ್ಪು ಜಿಡ್ಡು. ದಾರ ಹಳದಿಯಾಗಿ, ಮುಟ್ಟಿದರೆ ಮುರಿಯುವಂತಿತ್ತು.

ಪಕ್ಕದ ಪ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಹೆಸರು ಕಾಣಿಸಿತು: ಆಂಬಾಸಡರ್ 5000. ಸ್ವೀಡನ್ನಿನ ಆಬು ಕಂಪನಿಯದು. ಸ್ವಾಂಗ್‌ಸ್ಟಾ ಎಂಬ ಊರಲ್ಲಿ 1921ರಲ್ಲಿ ಶುರುವಾದ ಕಾರ್ಖಾನೆ. ಮೊದಮೊದಲು ಗಡಿಯಾರ, ಆಮೇಲೆ ಟ್ಯಾಕ್ಸಿ ಮೀಟರ್ ಮಾಡುತ್ತಿದ್ದವರು ರೀಲಿಗೆ ಬಂದರು. ಈ ಕೆಂಪು 5000 ಬಂದದ್ದು 1952ರಲ್ಲಿ. ಬಿಚ್ಚಿ ನೋಡಿದರೆ ಗಡಿಯಾರದವರ ಕೈ ಅಂತ ಗೊತ್ತಾಗುತ್ತದೆ. ಹಿತ್ತಾಳೆಯ ಗೇರ್‌ನ ಹಲ್ಲುಗಳು ಅಷ್ಟು ನಯ.

ಪಾದದಲ್ಲಿ ಆರು ಅಂಕಿ ಇತ್ತು, 750700. 1970ರ ದಶಕದ ಈ ರೀಲ್‌ಗಳಲ್ಲಿ ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ತಿಂಗಳು, ಕೊನೆಯ ಎರಡು ಆ ಮಾದರಿಯ ಆವೃತ್ತಿ. ಅಂದರೆ 1975ರ ಜುಲೈ. ಬಿಡಿಭಾಗ ತರಿಸುವಾಗ ಈ ನಂಬರ್ ಬಹಳ ಮುಖ್ಯ. ಹೆಸರು ಒಂದೇ ಇದ್ದರೂ ಒಳಗಿನ ಭಾಗ ಬದಲಾಗಿರುತ್ತದೆ. 1950ರ ದಶಕದ ರೀಲ್‌ಗಳಿಗೆ ಈ ಲೆಕ್ಕ ಹಾಕಬೇಡಿ. ಹೆಸರಿನ ಜೊತೆ ಸಿ ಅಕ್ಷರ ಇದ್ದರೆ, ಉದಾಹರಣೆಗೆ 5500 ಸಿ, ಸ್ಪೂಲಿಗೆ, ಅಂದರೆ ದಾರ ಸುತ್ತಿಕೊಳ್ಳುವ ಉರುಳೆಗೆ, ಬಾಲ್ ಬೇರಿಂಗ್ ಇದೆ ಅಂತ. ನನ್ನದರಲ್ಲಿ ಬರೀ ಬುಷ್, ಗುಂಡುಗಳಿಲ್ಲದ ಲೋಹದ ಬಳೆ. ಹಾಗಂತ ಬೇಜಾರಿಲ್ಲ, ಬುಷ್‌ಗೆ ಎಣ್ಣೆ ಬಿಟ್ಟರೆ ಸಾಕು, ನಡೆಯುತ್ತದೆ.

ನಿಮ್ಮ ಕೈಗೆ ಬೇರೆ ಕಂಪನಿಯದು ಸಿಗಬಹುದು. ನಮ್ಮ ಕಡೆ ಹಳೇ ಮನೆಗಳಲ್ಲಿ ಯಾವುದು ಸಿಗುತ್ತದೆ ಅಂತ ಹೇಳೋಕೆ ಆಗಲ್ಲ. ಸ್ಪೂಲ್ ನಿಂತಲ್ಲೇ ಇದ್ದು ತಂತಿಯ ಕೈ ಸುತ್ತ ತಿರುಗುವ ರೀಲಾದರೆ ಮಿಚೆಲ್ ಕಂಪನಿಯದು ಇರಬಹುದು. ಅದು ಫ್ರಾನ್ಸಿನ ಕ್ಲೂಸ್ ಊರಿನದು, ಅದೂ ಗಡಿಯಾರದವರ ಊರೇ. ಅದರಲ್ಲಿ 300, 308ರಂಥ ಸಮ ಸಂಖ್ಯೆ ಇದ್ದರೆ ಹಿಡಿಕೆ ಎಡಕ್ಕೆ, 301, 309ರಂಥ ಬೆಸ ಸಂಖ್ಯೆ ಇದ್ದರೆ ಬಲಕ್ಕೆ. ಪೆನ್ ಅಂತ ಇದ್ದರೆ ಅಮೆರಿಕದ ಫಿಲಡೆಲ್ಫಿಯಾದ್ದು, 1932ರಲ್ಲಿ ಶುರುವಾದ ಕಂಪನಿ. ಗೇರೇ ಇಲ್ಲದೆ, ನಡುವಿನ ಒಂದು ಕಡ್ಡಿಯ ಮೇಲೆ ಸುಮ್ನೆ ಗಿರಗಿರ ತಿರುಗುವ ಮರದ ಅಥವಾ ಹಿತ್ತಾಳೆಯ ರೀಲಾದರೆ ಇಂಗ್ಲೆಂಡಿನ ಕಡೆ ಹುಡುಕಿ.

ಇನ್ನು ಬಿಚ್ಚುವ ಕೆಲಸ. ಅಲುಗಾಡದ ರೀಲ್ ಅಂದರೆ ಕೆಟ್ಟ ರೀಲ್ ಅಂತ ಅಲ್ಲ. ಹತ್ತರಲ್ಲಿ ಒಂಬತ್ತು ಸಲ ಒಳಗಿನ ಗ್ರೀಸ್ ಗಟ್ಟಿಯಾಗಿರುತ್ತದೆ, ಅಷ್ಟೇ. ಪ್ರೆಸ್ ಮಷಿನ್‌ನಲ್ಲೂ ಇದೇ ಕಥೆ. ವರ್ಷಗಟ್ಟಲೆ ನಿಂತ ಮಷಿನ್ನಿಗೆ ಸುತ್ತಿಗೆ ಎತ್ತುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೇಕಿರುವುದು ಸುತ್ತಿಗೆ ಅಲ್ಲ, ನೆನೆಸೋಕೆ ಒಂದಿಷ್ಟು ಸಮಯ. ಕೂದಲು ಒಣಗಿಸುವ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಕೊಟ್ಟೆ, ಸ್ಕ್ರೂ ತಲೆಗಳಿಗೆ ತುಕ್ಕು ಬಿಡಿಸುವ ಎಣ್ಣೆ ಒಂದೊಂದು ತೊಟ್ಟು ಬಿಟ್ಟು ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಹಿಡಿಕೆ ನರಳುತ್ತ ಅರ್ಧ ಸುತ್ತು ಬಂತು.

ಸ್ಕ್ರೂಡ್ರೈವರ್ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಸಿಗುವ ಡ್ರೈವರ್‌ನ ತುದಿ ಬೆಣೆಯಂತೆ ಇಳಿಜಾರು. ಅದು ಸ್ಕ್ರೂವಿನ ಗೀರಿನಲ್ಲಿ ಪೂರ್ತಿ ಕೂರಲ್ಲ, ಜಾರಿ ಅಂಚನ್ನು ಕಿತ್ತು ಹಾಕುತ್ತದೆ. ನಾನು ಅರದಲ್ಲಿ ಉಜ್ಜಿ ತುದಿಯ ಎರಡೂ ಬದಿ ಸಮ ಮಾಡಿ, ಗೀರಿನ ಅಗಲಕ್ಕೆ ಸರಿಯಾಗಿ ಕೂರುವಂತೆ ಮಾಡಿಕೊಂಡೆ. ಹಳೇ ರೀಲ್ ಕೊಳ್ಳುವವರು ಮೊದಲು ನೋಡುವುದೂ ಸ್ಕ್ರೂ ತಲೆಯನ್ನೇ. ತಲೆ ಕಿತ್ತಿದ್ದರೆ ಒಳಗೆ ಯಾರೋ ಕೈಯಾಡಿಸಿದ್ದಾರೆ ಅಂತ ಲೆಕ್ಕ.

ಬಲ ಬದಿಯ ಮೂರು ದೊಡ್ಡ ಸ್ಕ್ರೂಗಳನ್ನು ಬೆರಳಲ್ಲೇ ಬಿಚ್ಚಬಹುದು. ಬಿಚ್ಚಿದರೆ ಆ ಬದಿಯ ಪ್ಲೇಟ್ ಹೊರಗೆ ಬರುತ್ತದೆ, ಸ್ಪೂಲನ್ನೂ ತೆಗೆಯಬಹುದು. ಸ್ಪೂಲಿನ ಒಂದು ತುದಿಯಲ್ಲಿ ಎರಡು ಪುಟ್ಟ ಫೈಬರ್ ತುಣುಕುಗಳಿರುತ್ತವೆ. ಕಸ ಅಂತ ಬಿಸಾಕಬೇಡಿ. ಸ್ಪೂಲ್ ಜೋರಾಗಿ ತಿರುಗಿದಾಗ ಅವು ಹೊರಕ್ಕೆ ಸರಿದು ಉಂಗುರಕ್ಕೆ ಉಜ್ಜುತ್ತವೆ. ಅದೇ ಬ್ರೇಕ್. ಅದಕ್ಕೆ ಎಣ್ಣೆ ತಾಗಿದರೆ ಹಿಡಿತ ತಪ್ಪುತ್ತದೆ.

ಹಿಡಿಕೆ ಬಿಚ್ಚುವಾಗ ಮೊದಲು ನಟ್ ಕಾಯುವ ತಗಡಿನ ಸ್ಕ್ರೂ, ಆಮೇಲೆ ತಗಡು, ನಟ್, ಹಿಡಿಕೆ, ನಕ್ಷತ್ರದಂಥ ಡ್ರ್ಯಾಗ್ ಚಕ್ರ (ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಜಾರಬೇಕು ಅಂತ ಹೊಂದಿಸುವುದು). ಅದರ ಕೆಳಗೆ ಎರಡು ಬಾಗಿದ ವಾಷರ್ ಇರುತ್ತವೆ. ಅವು ಒಂದಕ್ಕೊಂದು ಎದುರು ಬದುರಾಗಿ ಕೂರಬೇಕು. ಒಂದೇ ಕಡೆ ಬಾಗಿಸಿ ಕೂರಿಸಿದರೆ ಡ್ರ್ಯಾಗ್ ಹಂತಹಂತವಾಗಿ ಬಿಗಿಯಾಗಲ್ಲ. ಒಳಗೆ ಪುಟ್ಟ ಗೇರನ್ನು ಎತ್ತಿ ಇಳಿಸುವ ಪಟ್ಟಿಯ ಎರಡು ಬದಿಗೂ ಕೂದಲಿನಂಥ ಸ್ಪ್ರಿಂಗ್ ಇವೆ. ಬಿಟ್ಟರೆ ಹಾರಿ ಹೋಗಿ ಮಂಚದ ಕೆಳಗೆ ಸೇರುತ್ತವೆ. ಅದಕ್ಕೇ ನಾನು ಅಂಚಿರುವ ಊಟದ ತಾಟಿನಲ್ಲಿ ಬಿಳಿ ಬಟ್ಟೆ ಹಾಸಿ, ಇಡೀ ತಾಟನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಕೈ ತೂರಿಸಿ ಬಿಚ್ಚಿದೆ. ಮನೆಯಾಕೆಗೆ ತನ್ನ ತಾಟು ಹೋಯಿತು ಅನ್ನುವುದೊಂದೇ ಚಿಂತೆ. ಪ್ರತಿ ಭಾಗ ತೆಗೆದಾಗ ಮೊಬೈಲಲ್ಲಿ ಫೋಟೋ ತೆಗೆದು, ತೆಗೆದ ಸಾಲಿನಲ್ಲೇ ಎಡದಿಂದ ಬಲಕ್ಕೆ ಇಡುತ್ತಾ ಹೋದೆ.

ತೊಳೆಯೋಕೆ ಚಿಮಣಿ ಎಣ್ಣೆ ಬಹಳ ಒಳ್ಳೇದು, ಆದರೆ ಈಗ ಸಿಗುವುದು ಕಷ್ಟ. ನಾನು ಡೀಸೆಲ್‌ನಲ್ಲಿ ನೆನೆಸಿದೆ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ, ಆಮೇಲೆ ಸಾಬೂನು ನೀರಲ್ಲಿ ಜಿಡ್ಡು ತೆಗೆದು ಬಿಸಿಲಲ್ಲಿ ಒಣಗಿಸಿದೆ. ಫೈಬರ್ ವಾಷರ್, ಬ್ರೇಕ್ ತುಣುಕು ಇವುಗಳನ್ನು ಡೀಸೆಲ್‌ಗೆ ಹಾಕಬಾರದು. ಕೆಂಪು ಹೊರಮೈಗೆ ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ ಎರಡೂ ವಿಷ. ಆ ಕೆಂಪು ಮೇಲೆ ಬಳಿದ ಪೇಂಟ್ ಅಲ್ಲ, ಅಲ್ಯುಮಿನಿಯಂ ಮೇಲ್ಮೈಯಲ್ಲೇ ಬೆಳೆಸಿದ ತೆಳು ಪದರಕ್ಕೆ ಹಿಡಿಸಿದ ಬಣ್ಣ. ಸೋಡಾ ಆ ಪದರವನ್ನೇ ತಿನ್ನುತ್ತದೆ. ಹಾಗೆ ಬಿಳಿಚಿದ ಮೇಲೆ ಮನೆಯಲ್ಲಿ ಸರಿ ಮಾಡಲು ಆಗಲ್ಲ. ನಿಕಲ್ ಅಥವಾ ಕ್ರೋಮ್ ಎದ್ದ ಕಡೆ ಹಿತ್ತಾಳೆ ಹಸಿರು ಕಟ್ಟಿತ್ತು. ಅದನ್ನು ಬಿದಿರಿನ ಕಡ್ಡಿಯಿಂದ ಕೆರೆದು ತೆಗೆದೆ. ಉಳಿದ ಗೀರು, ಸವೆತ ಹಾಗೇ ಬಿಟ್ಟೆ. ಹೆಬ್ಬೆಟ್ಟು ತಾಗಿ ಬಣ್ಣ ಸವೆದ ಜಾಗ ನೋಡಿದರೆ ಇದನ್ನು ಯಾರೋ ಚೆನ್ನಾಗಿ ಬಳಸಿದ್ದಾರೆ ಅಂತ ತಿಳಿಯುತ್ತದೆ. ಅದನ್ನು ಯಾಕೆ ಅಳಿಸಬೇಕು ಅಲ್ವಾ?

ನಿಜವಾದ ಕಾಯಿಲೆ ಇದ್ದದ್ದು ಎರಡೇ ಕಡೆ. ಒಂದು, ದಾರವನ್ನು ಅತ್ತಿತ್ತ ಸರಿಸಿ ಸಮವಾಗಿ ಸುತ್ತುವ ಭಾಗ. ಒಂದು ದಂಡದ ಮೇಲೆ ಎರಡು ದಿಕ್ಕಿಗೂ ಹೋಗುವ ಗೀರುಗಳು ಒಂದನ್ನೊಂದು ಕತ್ತರಿಸುತ್ತವೆ. ಆ ಗೀರಿನಲ್ಲಿ ಒಂದು ಪುಟ್ಟ ನಾಲಿಗೆ ಓಡುತ್ತದೆ, ಪಾಲ್ ಅಂತಾರೆ. ನನ್ನದರ ಪಾಲ್ ಸವೆದು ಚೂಪಾಗಿತ್ತು. ಹಾಗಾದಾಗ ತುದಿಗೆ ಬಂದು ತಿರುಗಬೇಕಾದ ಕಡೆ ಸಿಕ್ಕಿ ನಿಲ್ಲುತ್ತದೆ. ಜನ ಹಿಡಿಕೆಯನ್ನು ಇನ್ನೂ ಒತ್ತಿ ತಿರುಗಿಸುತ್ತಾರೆ, ಆಗ ದಂಡವೇ ಹಾಳು. ಒಳ್ಳೇ ಸುದ್ದಿ ಏನಂದರೆ ಈ ಪಾಲ್ ಆಂಬಾಸಡರ್‌ನ ಬಹಳಷ್ಟು ಮಾದರಿಗಳಿಗೆ ಹೊಂದುತ್ತದೆ, ಈಗಲೂ ಹೊಸದು ಸಿಗುತ್ತದೆ. ಆನ್‌ಲೈನ್‌ನಲ್ಲಿ ತರಿಸಿದೆ. ಲೇತ್‌ನವರ ಹತ್ತಿರ ಮಾಡಿಸಬಹುದಿತ್ತು, ಆದರೆ ನಾಲಿಗೆಯ ಬಾಗು ಸ್ವಲ್ಪ ತಪ್ಪಿದರೂ ದಂಡವನ್ನು ತಿನ್ನುತ್ತದೆ. ಇಂಥ ಕಡೆ ಉಳಿತಾಯ ಬೇಡ.

ಎರಡನೆಯದು ಡ್ರ್ಯಾಗ್ ವಾಷರ್. ಎಣ್ಣೆ ಕುಡಿದು ಗಾಜಿನಂತೆ ನುಣುಪಾಗಿದ್ದವು. ದೊಡ್ಡ ಮೀನು ಎಳೆದಾಗ ಸ್ಪೂಲ್ ಒಂದೇ ಸಮ ಜಾರಬೇಕು, ತಡೆದು ತಡೆದು ಜಾರಿದರೆ ದಾರ ತುಂಡು. ಲೋಹದ ವಾಷರ್‌ಗಳನ್ನು ಗಾಜಿನ ಮೇಲೆ ನಯವಾದ ಎಮರಿ ಕಾಗದ ಇಟ್ಟು ಸಮ ಮಾಡಿದೆ, ಫೈಬರ್ ಬದಲು ಕಾರ್ಬನ್ ವಾಷರ್ ಹಾಕಿದೆ. ಹಳೇ ವಾಷರ್ ಒಂದು ಪೊಟ್ಟಣದಲ್ಲಿ ಪೆಟ್ಟಿಗೆ ಜೊತೆಗೇ ಇದೆ. ಮೂಲ ಭಾಗವನ್ನು ಯಾವತ್ತೂ ಎಸೆಯಬೇಡಿ.

ಹಿಡಿಕೆ ಹಿಂದಕ್ಕೂ ತಿರುಗುತ್ತಿದ್ದರೆ ತಡೆಯ ನಾಲಿಗೆ ನೋಡಿ. ಅದರ ಎರಡು ತೆಳು ಕಿವಿಗಳು ಹಲ್ಲಿನ ಚಕ್ರವನ್ನು ಹಿತವಾಗಿ ಕಚ್ಚಿರಬೇಕು. ಇಕ್ಕುಳದಲ್ಲಿ ಒಂಚೂರು ಒತ್ತಿದರೆ ಸಾಕು.

ಜೋಡಿಸುವಾಗ ಗ್ರೀಸ್ ಜಾಸ್ತಿ ಹಾಕುವುದೇ ನಮ್ಮವರ ರೋಗ. ಗೇರ್ ಹಲ್ಲಿಗೆ ತೆಳು ಲೇಪ ಸಾಕು. ಸ್ಪೂಲಿನ ಎರಡು ತುದಿಗೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ತೊಟ್ಟು. ಗೀರಿನ ದಂಡಕ್ಕೂ ಎಣ್ಣೆಯೇ, ಗ್ರೀಸ್ ಹಾಕಿದರೆ ಮರಳು ಅಂಟುತ್ತದೆ.

ದಾರವನ್ನು ಸ್ಪೂಲಿನ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗಿನವರೆಗೆ ಸುತ್ತಿದೆ. ಮೊದಲ ಪರೀಕ್ಷೆ ನೀರಲ್ಲಿ ಅಲ್ಲ, ಮನೆ ಹತ್ತಿರದ ಮೈದಾನದಲ್ಲಿ. ತುದಿಗೆ ಕಬ್ಬಿಣದ ನಟ್ ಕಟ್ಟಿ, ಅದು ನಿಧಾನ ಕೆಳಗಿಳಿಯುವಷ್ಟು ಸ್ಪೂಲಿನ ತುದಿಯನ್ನು ಒತ್ತುವ ಪಕ್ಕದ ತಿರುಪು ಮುಚ್ಚಳ ಬಿಗಿ ಮಾಡಿ ಎಸೆದೆ. ಈ ಬಗೆಯ ರೀಲಿನಲ್ಲಿ ಸ್ಪೂಲೇ ತಿರುಗುತ್ತದೆ. ನಟ್ ನೆಲಕ್ಕೆ ಬೀಳುವ ಹೊತ್ತಿಗೆ ಹೆಬ್ಬೆಟ್ಟಿನಿಂದ ತಡೆಯದಿದ್ದರೆ ದಾರ ಸಿಕ್ಕುಗಟ್ಟುತ್ತದೆ. ಆಡುತ್ತಿದ್ದ ಹುಡುಗರು ಆಟ ಬಿಟ್ಟು ಬಂದು, "ಮಾಮಾ, ನೀರ ಇಲ್ಲದ ಮೀನ ಹಿಡೀತೀರೇನ್ರಿ?" ಅಂತ ಕೇಳಿದರು.

ಆಮೇಲೆ ಮುಂಡರಗಿ ಕಡೆ, ಕೊರ್ಲಹಳ್ಳಿ ಹತ್ತಿರ ತುಂಗಭದ್ರೆಯಲ್ಲಿ ಬಳಸಿದೆ. ಕೆರೆಗಳಲ್ಲಾದರೆ ಮೀನು ಸಾಕಲು ಗುತ್ತಿಗೆ ಹಿಡಿದವರು ಇರುತ್ತಾರೆ, ಕೇಳಿಕೊಂಡೇ ಗಾಳ ಹಾಕಿ. ದಾಂಡೇಲಿಯ ಕಾಳಿ ನದಿ ಕಡೆಗೆ ಇಂಥ ರೀಲ್ ಹಿಡಿದುಕೊಂಡು ಹೋಗುವ ಆಸೆ ಬೇಡ. ಅಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಕಾನೂನು ಇದೆ, ನೀರಲ್ಲಿ ಮೊಸಳೆಯೂ ಇವೆ.

ಈಗ ರೀಲನ್ನು ಹತ್ತಿ ಬಟ್ಟೆಯ ಚೀಲದಲ್ಲಿ ಇಡುತ್ತೇನೆ, ಚರ್ಮದ ಪೆಟ್ಟಿಗೆಯಲ್ಲಿ ಅಲ್ಲ. ಚರ್ಮ ತೇವ ಹಿಡಿಯುತ್ತದೆ, ಹಿತ್ತಾಳೆಗೆ ಮತ್ತೆ ಹಸಿರು ಬರುತ್ತದೆ. ಬಳಸಿ ಬಂದ ದಿನವೇ ಒಣಬಟ್ಟೆಯಲ್ಲಿ ಒರೆಸಿ, ವಾಷರ್ ಒತ್ತಿಕೊಂಡು ಉಳಿಯದಂತೆ ಡ್ರ್ಯಾಗನ್ನು ಪೂರ್ತಿ ಸಡಿಲ ಮಾಡಿಡುತ್ತೇನೆ.