ಬದನೆ ಮಡಿಯಲ್ಲಿ ತಾನೇ ಹುಟ್ಟಿದ ಸೊಪ್ಪು

ರಾಯಚೂರಿನ ನಮ್ಮ ಹಿತ್ತಲಿಗೆ ಹೋದ ಜೂನ್‌ನಲ್ಲಿ ಒಂದು ಗಾಡಿ ಕೊಟ್ಟಿಗೆ ಗೊಬ್ಬರ ಹಾಕಿಸಿದ್ದೆ. ಎರಡು ಮಳೆಗೆ ಬದನೆ ಮಡಿಯ ತುಂಬ ಕೆಂಪು ದಂಟಿನ ಗಿಡವೊಂದು ನೆಲಕ್ಕಂಟಿ ಹಬ್ಬಿತು. ಕೀಳಲು ಕೂತಾಗ ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಕೂಗಿದರು: “ಗಂಗವಾಯಿಲಿ ಕೂರ ಅದು, ಚೆಲ್ಲಬೇಡಮ್ಮಾ!” ಅವರ ಮನೆಮಾತು ತೆಲುಗು, ಅವರು ಹೇಳಿದ್ದು ನಮ್ಮ ಗೋಣಿ ಸೊಪ್ಪು. ಆದರೆ ಅಜ್ಜಿಗೆ ಕಣ್ಣು ಮಂದ. ನಾನೇ ನೋಡಿ ಖಾತರಿ ಮಾಡಿಕೊಳ್ಳಬೇಕಾಯಿತು.

ಮೊದಲು ದಂಟು ಮುರಿಯಿರಿ. ಬಿಳಿ ಹಾಲು ಒಸರಿದರೆ ಅಲ್ಲಿಗೇ ಬಿಟ್ಟುಬಿಡಿ, ಅದು ಅಚ್ಚೆಗಿಡದ ಬಳಗ. ಕಣ್ಣಿಗೆ ತಾಗಿದರೆ ಉರಿ. ಗೋಣಿ ಸೊಪ್ಪಿನಿಂದ ಬರುವುದು ತಿಳಿನೀರು, ತುಸು ಲೋಳೆ. ಎರಡೂ ಒಂದರೊಳಗೊಂದು ಹೆಣೆದುಕೊಂಡು ಬೆಳೆಯುತ್ತವೆ. ಒಂದು ದಂಟು ನೋಡಿ ಇಡೀ ಹಿಡಿಯನ್ನು ಬುಟ್ಟಿಗೆ ಹಾಕಬೇಡಿ.

ನನ್ನನ್ನು ಹೆಚ್ಚು ಕಾಡಿದ್ದು ಟ್ರೈಯಾಂಥೆಮಾ ಎಂಬ ಕಳೆ. ಅದಕ್ಕೂ ಹಾಲಿಲ್ಲ, ದಂಟು ಅಷ್ಟೇ ರಸಭರಿತ. ಎಲೆಯ ಫೋಟೊ ತೆಗೆದು ಮೊಬೈಲನ್ನು ಕೇಳಿದರೆ ಬೆಳಿಗ್ಗೆ ಒಂದು ಹೆಸರು, ಸಂಜೆ ಇನ್ನೊಂದು. ಎದುರುಬದುರಿನ ಎಲೆಜೋಡಿ ನೋಡಿ: ಟ್ರೈಯಾಂಥೆಮಾದಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು, ತೊಟ್ಟಿನ ಬುಡ ಚೀಲದಂತೆ ದಂಟನ್ನು ತಬ್ಬಿರುತ್ತದೆ. ಗೋಣಿಯ ಎಲೆ ಚಮಚದ ಆಕಾರ, ತೊಟ್ಟು ಇಲ್ಲವೆಂಬಷ್ಟು ಗಿಡ್ಡ.

ಆಮೇಲೂ ಅನುಮಾನವಿದ್ದರೆ ಹೂವಿಗೆ ಕಾಯಿರಿ. ನಾನು ಎಂಟು ದಿನ ಕಾದೆ. ಒಂದು ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ಎಲೆಗೊಂಚಲಿನ ನಡುವೆ ಪುಟ್ಟ ಹಳದಿ ಹೂ ಅರಳಿತು: ಐದು ಎಸಳು, ಪ್ರತಿ ಎಸಳಿನ ತುದಿಯಲ್ಲೂ ಸಣ್ಣ ಕಚ್ಚು. ಊಟದ ಹೊತ್ತಿಗೆ ಮುದುಡಿಕೊಂಡಿತು. ಟ್ರೈಯಾಂಥೆಮಾದ ಹೂ ಬಿಳಿ ಅಥವಾ ತಿಳಿಗುಲಾಬಿ, ಎಲೆಯ ಕಂಕುಳಲ್ಲಿ ಹುದುಗಿರುತ್ತದೆ. ಕಾಯಿಯ ಮುಚ್ಚಳ ಕಳಚಿ ಕಪ್ಪು ಬೀಜ ಉದುರಿತು ಎಂದು ಹಿಗ್ಗಬೇಡಿ, ಮುಚ್ಚಳ ಎರಡಕ್ಕೂ ಇದೆ.

ಗುರುತು ಸಿಗುವವರೆಗೆ ನಾಲಗೆಗೆ ತಾಗಿಸಬೇಡಿ. ಬಚ್ಚಲ ನೀರು ಹರಿಯುವಲ್ಲಿ, ಔಷಧಿ ಹೊಡೆದ ಹತ್ತಿ ಹೊಲದ ಬದುವಿನಲ್ಲಿ ಬೆಳೆದದ್ದು ಗೋಣಿಯೇ ಆದರೂ ಬೇಡ.

ನೆಲ ಒಣಗಿದ್ದಾಗ ಈ ಗಿಡ ರಾತ್ರಿಯೆಲ್ಲ ಹುಳಿ ಕೂಡಿಟ್ಟು ಹಗಲು ಖರ್ಚು ಮಾಡುತ್ತದೆ. ಆದ್ದರಿಂದ ಬೆಳಿಗ್ಗೆ ಕೊಯ್ದದ್ದು ಹುಳಿ, ಸಂಜೆಯದು ಸಪ್ಪೆ. ನಾನು ಬೆಳಿಗ್ಗೆಯೇ ಕೊಯ್ದು, ಹುಣಸೆ ಹಾಕದೆ ತೊಗರಿಬೇಳೆಯೊಂದಿಗೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು, ಕಲ್ಲು ಕಟ್ಟುವುದಕ್ಕೆ ಅದೂ ಒಂದು ಕಾರಣ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದ ನಮ್ಮ ಯಜಮಾನರಿಗೆ ಆ ದಿನ ಜೋಳದ ರೊಟ್ಟಿಗೆ ಮೊಸರೇ ಗತಿ. ಅಜ್ಜಿಗೆ ಒಂದು ಬಟ್ಟಲು ಕೊಟ್ಟುಬಂದೆ. ಉಪ್ಪು ಕಡಿಮೆ ಎಂದರು.