ಹಾಸ್ಟೆಲ್ ಹುಡುಗ್ರು ಕುಡಿತ, ಗಾಂಜಾ ಕಡೆ ಜಾರದಂಗ ನೋಡ್ಕೊಳ್ಳೋದು ಹೆಂಗ

ನಾನು ಗಂಗಾವತಿ ಕಡಿಯಾವ, ಬಳ್ಳಾರಿಯಾಗ ಹುಡುಗ್ರ ಹಾಸ್ಟೆಲ್ ನೋಡ್ಕೊಳ್ಳಾಕ ಹತ್ತಿ ಒಂಬತ್ತು ವರ್ಷ ಆತು. ಯೂನಿವರ್ಸಿಟಿ ಇರ್ಲಿ, ಡಿಗ್ರಿ ಕಾಲೇಜ್ ಇರ್ಲಿ, ವಾರ್ಡನ್, ಲೆಕ್ಚರರ್, ಕ್ಲಾಸ್ ರೆಪ್ ಆಗಿರೋರಿಗೆ ಉಪಯೋಗ ಆಗ್ಲಿ ಅಂತ ಬರಿಯಾಕತ್ತೀನಿ. ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕ ರ‍್ಯಾಲಿ ಮಾಡಿ, ಪ್ರತಿಜ್ಞೆ ಹೇಳ್ಸಿ, ಬ್ಯಾನರ್ ಹಿಡ್ಕೊಂಡು ಫೋಟೋ ತೆಗ್ಸಿದ್ರ ಆ ದಿನ ಮುಗೀತೈತಿ ಅಷ್ಟ. ಹುಡುಗ ಕುಡಿಯೋದು ಶನಿವಾರ ರಾತ್ರಿ, ರೂಮಿನ್ಯಾಗ ಚಿಲಕ ಹಾಕ್ಕೊಂಡು. ಆ ಚಿಲಕ ಅವ್ನ ರೂಂಮೇಟ್ ತಗದು ನಿಮ್ಮ ಹತ್ರ ಬಂದು "ಸರ್ ಇವ್ನ್ಯಾಕೋ ಸರಿ ಕಾಣವಲ್ಲ" ಅನ್ಬೇಕು. ಅಂವ ಬರೋವಂಗ ಏನು ಮಾಡ್ಬೇಕು ಅನ್ನೋದೇ ನನ್ನ ಇಡೀ ಮಾತು.

ನಾನು ತಪ್ಪು ಮಾಡೇ ಕಲ್ತಿದ್ದು. ಎರಡನೇ ವರ್ಷದಾಗ ಒಬ್ಬ ಹುಡುಗ ಸಿಕ್ಕಿಬಿದ್ದ, ನಾನು ಹಿಂದ ಮುಂದ ನೋಡ್ಲಿಲ್ಲ, ಅವತ್ತ ರಾತ್ರಿ ಅವ್ರಪ್ಪಗ ಫೋನ್ ಮಾಡಿದೆ. ಆ ಮನುಷ್ಯಾ ಫಸ್ಟ್ ಬಸ್ಸಿಗೆ ಬಂದು ಎಲ್ಲಾರ ಮುಂದ ಮಗನ್ನ ಹೊಡ್ದ, ಹುಡುಗ ಗಂಟುಮೂಟಿ ಕಟ್ಕೊಂಡು ಹೋದಾಂವ ತಿರುಗಿ ಬರ್ಲೇ ಇಲ್ಲ, ಡಿಗ್ರಿನೂ ಮುಗೀಲಿಲ್ಲ. ಅದಾದ್ಮ್ಯಾಲ ಒಂದೂವರೆ ವರ್ಷ ಒಬ್ಬನೂ ನನ್ನ ಹತ್ರ ಬಂದು ಏನೂ ಹೇಳ್ಲಿಲ್ಲ, ನಾನು ಹಾಸ್ಟೆಲ್ ಸುಧಾರಿಸ್ತು ಅಂತ ತಿಳ್ಕೊಂಡಿದ್ದೆ.

ಹಂಗಾಗಿ ಮೊದ್ಲ ಮಾಡೋ ಕೆಲ್ಸ ಇದು. ಅಡ್ಮಿಷನ್ ಆದ ಮೊದಲ್ನೇ ವಾರದಾಗ ಎಲ್ಲಾರ್ನೂ ಮೆಸ್ ಹಾಲಿನ್ಯಾಗ ಕೂಡ್ಸಿ ಬಾಯಿ ಬಿಟ್ಟು ಹೇಳ್ರಿ, ಯಾರಿಗರ ಆರಾಮ ತಪ್ಪಿದ್ರ, ಕುಡ್ದು ಬಿದ್ದಿದ್ರ, ಕರಿಯಾಕ ಬಂದಾವನ ಮ್ಯಾಲೂ ಬಿದ್ದಾವನ ಮ್ಯಾಲೂ ಆ ರಾತ್ರಿ ಸಲುವಾಗಿ ಆಕ್ಷನ್ ಇಲ್ಲ ಅಂತ. ಪ್ರಿನ್ಸಿಪಾಲ್ ಸಹಿ ಮಾಡ್ಸಿ ನೋಟಿಸ್ ಬೋರ್ಡಿಗೆ ಹಚ್ರಿ. ಒಮ್ಮೆ ಮಾತು ತಪ್ಪಿದ್ರ ಮುಗೀತು, ಮುಂದಿನ ಮೂರು ಬ್ಯಾಚು ನಿಮ್ಮನ್ನ ನಂಬಂಗಿಲ್ಲ.

ಏನೇನು ಬರ್ತೈತಿ ಅನ್ನೋದು ತಿಳ್ಕೊಂಡಿರ್ಬೇಕು. ಹುಡುಗ್ರು "ಬರೇ ಬೀರ್ ಸರ್" ಅಂತಾರ. ಲೆಕ್ಕ ಹಾಕಿ ತೋರ್ಸ್ರಿ, ಒಂದು ಪೆಗ್ಗು, ಅಂದ್ರ 30 ಎಂಎಲ್ ವಿಸ್ಕಿಯಾಗ ಸುಮಾರು 10 ಗ್ರಾಂ ಆಲ್ಕೋಹಾಲ್ ಇರ್ತೈತಿ, ಅಂದ್ರ 90ರ ಟೆಟ್ರಾ ಪ್ಯಾಕೆಟ್ ಮೂರು ಪೆಗ್ಗು, 180 ಎಂಎಲ್ ಕ್ವಾರ್ಟರ್ ಆರು, 650 ಎಂಎಲ್ ಸ್ಟ್ರಾಂಗ್ ಬೀರ್ ಬಾಟ್ಲಿ ಹತ್ರತ್ರ ನಾಕು. ಈ ಲೆಕ್ಕ ಕೇಳಿದ ಹುಡುಗ್ರ ಮುಖ ನೋಡ್ಬೇಕು ನೀವು, ಭಾಷಣಕ್ಕಿಂತ ಇದು ನಾಟ್ತೈತಿ. ಗಾಂಜಾ, ಅವ್ರ ಬಾಯಾಗ ಸೊಪ್ಪು, ಈಗ ಚಾಕ್ಲೇಟ್ ರೂಪದಾಗೂ ಬರ್ತೈತಿ, ತಿಂದದ್ದು ಏರಾಕ ತಡ ಆಕೈತಿ, ಏನೂ ಆಗವಲ್ತು ಅಂತ ಇನ್ನೊಂದು ತಿಂತಾರ, ಆಮ್ಯಾಲ ಎರಡೂ ಕೂಡಿ ಒಮ್ಮೆಗೇ ಏರ್ತಾವು. ನೋವಿನ ಗುಳಿಗಿ ಟ್ರಮಡಾಲ್, ನಿದ್ದಿ ಗುಳಿಗಿ ಅಲ್ಪ್ರಝೋಲಾಂ, ಕೊಡೀನ್ ಇರೋ ಕೆಮ್ಮಿನ ಸಿರಪ್ ಇವು ವಾಸ್ನಿ ಬರಂಗಿಲ್ಲ, ಅದಕ್ಕ ತಗೊಂಡಾವ ಲಗೂನ ಸಿಕ್ಕಿಬೀಳಂಗಿಲ್ಲ. ರಾಯಚೂರು ಕಡೆಯಿಂದ ಬರೋ ಹುಡುಗ್ರನ್ನ ಸಿಎಚ್ ಪೌಡರ್ ಸೇಂದಿ ಬಗ್ಗೆ ತಪ್ಪದ ಕೇಳ್ರಿ. ಸೇಂದಿಗೆ ಕಲಿಸೋ ಆ ಪುಡಿ ಕ್ಲೋರಲ್ ಹೈಡ್ರೇಟ್, ಹಿಂದಿನ ಕಾಲದ ನಿದ್ದಿ ಔಷಧಿ, ದಿನಾ ಕುಡಿಯೋರು ಒಂದಿನ ಬಿಟ್ರೂ ಕೈಕಾಲು ನಡುಗ್ತಾವು. ಮನ್ಯಾಗ ಅಪ್ಪ ಕುಡೀತಿದ್ದ, ಇವ್ನೂ ಪಿಯುಸಿಯಿಂದ ಕುಡೀತಿದ್ದ, ಇಲ್ಲಿಗೆ ಬಂದ್ಮ್ಯಾಲ ಸೇಂದಿ ಸಿಗವಲ್ತು ಅಂತ ಗುಳಿಗಿ ಹಿಡ್ದ, ಇಂಥ ಹುಡುಗ್ರನ್ನ ನಾನು ನೋಡೀನಿ.

ಇನ್ನ ಟೈಮ್. ಕ್ಲಾಸು ನಾಕಕ್ಕ ಬಿಡ್ತಾವು, ಮೆಸ್ಸಿನ ಊಟ ಎಂಟಕ್ಕ. ನಮ್ಮ ಕಡೆ ಏಪ್ರಿಲ್, ಮೇ ಬಿಸ್ಲಿಗೆ ರೂಮಿನ್ಯಾಗ ಕೂಡಾಕ ಆಗಂಗಿಲ್ಲ, ಟೆರೇಸ್ ಏರ್ತಾರ, ಇಲ್ಲಾ ಕಾಲುವಿ ದಂಡಿಗೆ ಹೋಗ್ತಾರ. ಆ ನಾಕು ತಾಸು ತುಂಬಿಸಿದ್ರ ಅರ್ಧ ಕೆಲ್ಸ ಆದಂಗ. ನಾವು ವಾಲಿಬಾಲ್ ಕೋರ್ಟಿಗೆ ಎರಡು ಲೈಟ್ ಹಾಕ್ಸಿದ್ವಿ, ರೀಡಿಂಗ್ ರೂಮ್ ರಾತ್ರಿ 12ರ ತನಕ ತಗದಿಟ್ವಿ, ಶನಿವಾರ ಸಂಜಿಗೆ ಮೆಸ್ಸಿನ್ಯಾಗ ಒಗ್ಗರಣಿ ಮಿರ್ಚಿ ಮಾಡ್ಸಾಕ ಹತ್ತಿದ್ವಿ, ಖರ್ಚು ಭಾಳ ಆಗ್ಲಿಲ್ಲ, ಆದ್ರ ಶನಿವಾರ ಹೊರಗ ಹೋಗೋರು ಕಣ್ಣಿಗೆ ಕಾಣೋವಂಗ ಕಡಿಮಿ ಆದ್ರು. ಬರ್ತ್‌ಡೇ ಅಂತ ಸಾಣಾಪುರ, ಆನೆಗುಂದಿ ಕಡೆ ಬೈಕ್ ತಗೊಂಡು ಹೊಂಟ್ರ ಬ್ಯಾಡ ಅನ್ನಾಕ ಆಗಂಗಿಲ್ಲ, ಯಾರು ಕುಡಿಯಂಗಿಲ್ಲ, ಯಾರು ಗಾಡಿ ಹೊಡೀತೀರಿ, ಎಷ್ಟಕ್ಕ ಬರ್ತೀರಿ ಅಂತ ಕೇಳಿ ಕಳಸ್ರಿ.

ಹೊಸ ಹುಡುಗ್ರ ಮೊದಲ್ನೇ ಎರಡು ತಿಂಗ್ಳು ಅಂತೂ ಕಣ್ಣಾಗ ಕಣ್ಣಿಟ್ಟು ನೋಡ್ರಿ. ಕೂಡ್ಲಿಗಿ, ಸಿರುಗುಪ್ಪ, ಕುಷ್ಟಗಿ ಹಳ್ಳಿಗಳಿಂದ ಬಂದಾವ್ರು, ಇಂಗ್ಲಿಷ್ ಬರವಲ್ತು ಅನ್ನೋ ನಾಚ್ಕಿ ಇರ್ತೈತಿ, ಸೀನಿಯರ್ ಕರ್ದು ಒಂದು ಗ್ಲಾಸ್ ಕೊಟ್ರ ನಮ್ಮವ ಅಂದಂಗ ಆಕೈತಿ. ಒತ್ತಾಯ ಮಾಡಿ ಕುಡ್ಸಿದ್ರ ಅದು ರ‍್ಯಾಗಿಂಗ್, ಯುಜಿಸಿ 2009ರ ನಿಯಮದ ಪ್ರಕಾರ ಕೇಸ್ ಆಕೈತಿ, 1800-180-5522 ನಂಬರ್ ಪ್ರತಿ ರೂಮಿನ ಬಾಗ್ಲಾ ಹಿಂದ ಅಂಟಿಸ್ರಿ. ಕಾಲೇಜಿನ 100 ಗಜದೊಳಗ ಬೀಡಿ, ಸಿಗರೇಟು, ಗುಟ್ಕಾ ಮಾರಂಗಿಲ್ಲ, 2003ರಿಂದ ಐತಿ ಕಾನೂನು, ಡಬ್ಬಿ ಅಂಗಡಿಯಾವನ ಹತ್ರ ಮೊದ್ಲ ಸಮಾಧಾನದಿಂದ ಮಾತಾಡ್ರಿ, ಕೇಳ್ಲಿಲ್ಲಂದ್ರ ಕಂಪ್ಲೇಂಟ್ ಕೊಡ್ರಿ. ಮೆಡಿಕಲ್ ಶಾಪಿಗೂ ಹೋಗಿ ಬರ್ರಿ, ಟ್ರಮಡಾಲ್ 2018ರಿಂದ ಮಾದಕ ವಸ್ತು ತಡಿಯೋ ಎನ್‌ಡಿಪಿಎಸ್ ಕಾಯ್ದೆಯೊಳಗ ಬಂದೈತಿ, ಚೀಟಿ ಇಲ್ದ ಕೊಡಂಗಿಲ್ಲ ಅಂತ ಅವ್ರಿಗೂ ಗೊತ್ತೈತಿ, ನೀವು ಒಮ್ಮೆ ಮುಖ ತೋರ್ಸಿ ಬಂದ್ರ ಸಾಕು.

ಗುರುತು ಹಿಡಿಯೋದು ಹೆಂಗ ಅಂತ ಎಲ್ಲಾರೂ ಕೇಳ್ತಾರ. ಕೆಂಪು ಕಣ್ಣು, ಸೆಂಟಿನ ವಾಸ್ನಿ ಅಂತೆಲ್ಲಾ ಹೇಳಬೌದು, ಆದ್ರ ನನಗ ಮೊದ್ಲ ಗೊತ್ತಾಗೋದು ಮೆಸ್ ಬುಕ್ಕಿನ್ಯಾಗ. ಮುಂಜಾನಿ ನಾಷ್ಟಾಕ್ಕ ಬರೋದು ನಿಲ್ಲಿಸ್ತಾನ, ಗೆಳ್ಯಾರ ಹತ್ರ ನೂರು, ಇನ್ನೂರು ಸಾಲ ಮಾಡ್ತಾನ, ಫೋನು ಅಡಾ ಇಡ್ತಾನ, ಮೊದ್ಲಿನ ಗೆಳ್ಯಾರ್ನ ಬಿಟ್ಟು ಹೊಸಬರ ಕೂಡ ತಿರಗ್ತಾನ. ಇವಿಷ್ಟೂ ಇದ್ರ ನಶೆ ಅಂತೇನಲ್ಲ, ಮನ್ಯಾಗ ಸಾವು ನೋವು ಆಗಿದ್ರೂ, ಹುಡುಗಿ ಬಿಟ್ಟೋಗಿದ್ರೂ ಹಿಂಗ ಆಕಾನ. ಹಂಗಾಗಿ "ಕುಡೀತಿ ಹೌದಿಲ್ಲೋ" ಅಂತ ಶುರು ಮಾಡ್ಬ್ಯಾಡ್ರಿ. ರೂಮಿಗೆ ಹೋಗ್ರಿ, ಒಬ್ಬನ ಇದ್ದಾಗ, "ತಮ್ಮಾ, ಹದ್ನೈದ್ ದಿನ ಆತು ನಾಷ್ಟಾಕ್ಕ ಕಾಣವಲ್ಲಿ, ನಿದ್ದಿ ಬರ್ತೈತೇನು?" ಅನ್ರಿ, ಆಮ್ಯಾಲ ಸುಮ್ನ ಕೂಡ್ರಿ. ಸುಮ್ನ ಕೂಡೋದು ಭಾಳ ಕಷ್ಟ, ಬುದ್ಧಿ ಹೇಳ್ಬೇಕು ಅಂತ ನಾಲ್ಗಿ ಕಡೀತೈತಿ, ಹೇಳ್ಬ್ಯಾಡ್ರಿ. ಕುಡಿಯೋದು ಒಪ್ಕೊಂಡ್ರ ವಿಶ್ವ ಆರೋಗ್ಯ ಸಂಸ್ಥೆದ ಆಡಿಟ್ ಅನ್ನೋ ಹತ್ತು ಪ್ರಶ್ನೆ ಅದಾವು, ಅವ್ನ ಕೈಯಾಗ ಕೊಟ್ಟು ಅವ್ನ ತುಂಬ್ಲಿ, 8 ಅಂಕ ಇಲ್ಲಾ ಅದಕ್ಕಿಂತ ಜಾಸ್ತಿ ಬಂದ್ರ ಡಾಕ್ಟರ್ ಹತ್ರ ಕರ್ಕೊಂಡು ಹೋಗೋದು ಒಳ್ಳೇದು.

ರಾತ್ರಿ ಯಾರರ ಕುಡ್ದು ಎಚ್ಚರ ತಪ್ಪಿದ್ರ ಮಜ್ಜಿಗಿ, ಲಿಂಬಿಹಣ್ಣಿನ ರಸ ಬಾಯಾಗ ಹಾಕ್ಬ್ಯಾಡ್ರಿ, ಬಟ್ಟು ಹಾಕಿ ವಾಂತಿ ಮಾಡಿಸ್ಬ್ಯಾಡ್ರಿ, ತಣ್ಣೀರ ಕೆಳಗ ನಿಲ್ಲಿಸ್ಬ್ಯಾಡ್ರಿ. ಮಗ್ಗಲಾ ಮಾಡಿ ಮಲಗಿಸ್ರಿ, ವಾಂತಿ ಆದ್ರ ಹೊರಗ ಬರ್ಲಿ, ಅಂಗಾತ ಮಲಗಿಸಿದ್ರ ಅದು ಉಸಿರಿನ ಕೊಳವಿಗೆ ಹೋಗಿ ಜೀವ ಹೋಕೈತಿ. ಉಸ್ರು ಎಣಸ್ರಿ, ನಿಮಿಷಕ್ಕ ಎಂಟಕ್ಕಿಂತ ಕಡಿಮಿ ಇದ್ರ, ಇಲ್ಲಾ ಎಬ್ಬಿಸಿದ್ರೂ ಏಳ್ಲಿಲ್ಲಂದ್ರ 108. ಒಬ್ರು ಪಕ್ಕಕ್ಕ ಇರ್ಲೇಬೇಕು, ಮಲ್ಕೊಂಡ್ರ ಇಳೀತೈತಿ ಬಿಡು ಅಂತ ಬಾಗ್ಲಾ ಮುಂದ ಮಾಡಿ ಹೋಗ್ಬ್ಯಾಡ್ರಿ.

ಇನ್ನೊಂದು, ಇದು ಭಾಳ ಮಂದಿಗೆ ಗೊತ್ತಿಲ್ಲ. ದಿನಾ ಜೋರ್ ಕುಡಿಯಾವ್ನ, ಸೇಂದಿ ಕುಡಿಯಾವ್ನ, ನಿದ್ದಿ ಗುಳಿಗಿ ತಗೊಳ್ಳಾವ್ನ ಒಮ್ಮೆಗೇ ಬಿಡ್ಸಿ ರೂಮಿನ್ಯಾಗ ಕೂಡಿ ಹಾಕ್ಬ್ಯಾಡ್ರಿ. ಕುಡಿತ ಬಿಟ್ಟಾವ್ಗ ಎರಡು ದಿನದೊಳಗ ಫಿಟ್ಸ್ ಬರಬೌದು, ಮೂರನೇ ದಿನದ ಹೊತ್ತಿಗೆ ಇಲ್ಲದ್ದೆಲ್ಲಾ ಕಾಣಾಕ ಶುರು ಆಗಬೌದು, ಮನ್ಯಾಗ ದೆವ್ವ ಬಡಿದೈತಿ ಅಂತ ತಾಯ್ತಾ ಕಟ್ಟಿಸ್ತಾರ, ಅಷ್ಟೊತ್ತಿಗೆ ಹುಡುಗ ಕೈ ಬಿಟ್ಟು ಹೋಗಿರ್ತಾನ. ಡಾಕ್ಟರ್ ಔಷಧಿ ಕೊಟ್ಟು ಹಂತ ಹಂತವಾಗಿ ಬಿಡಿಸ್ತಾರ. ಬಳ್ಳಾರಿಯಾಗ ನಾವಿನ್ನೂ ವಿಮ್ಸ್ ಅನ್ನೋ ಮೆಡಿಕಲ್ ಕಾಲೇಜ್ ಆಸ್ಪತ್ರಿ, ರಾಯಚೂರಿನ್ಯಾಗ ರಿಮ್ಸ್, ಕೊಪ್ಪಳದಾಗ ಕಿಮ್ಸ್, ಮೂರೂ ಕಡೆ ಮಾನಸಿಕ ರೋಗದ ವಿಭಾಗ ಐತಿ. "ಹುಚ್ಚರ ಡಾಕ್ಟರ್ ಹತ್ರ ನಾ ಬರಂಗಿಲ್ಲ" ಅಂತಾನ, ಒಂದು ಸಲ ನೀವ ಜೋಡಿ ಹೋಗ್ರಿ, ಒಪಿಡಿ ಚೀಟಿ ನೀವ ಮಾಡಿಸ್ರಿ. ಹೋಗಾಕ ಒಪ್ಪವಲ್ಲ ಅಂದ್ರ 14446 ನಶಾಮುಕ್ತಿ ಸಹಾಯವಾಣಿ ಐತಿ, ಮನಸಿನ ಕಷ್ಟಕ್ಕ ಟೆಲಿ ಮನಸ್ 14416, ದುಡ್ಡಿಲ್ಲ, ಕನ್ನಡದಾಗೂ ಮಾತಾಡ್ತಾರ.

ಪೊಲೀಸ್ ಕೇಸ್ ಆಕೈತಿ ಅನ್ನೋ ಅಂಜಿಕಿಗೆ ಭಾಳ ಹುಡುಗ್ರು ಬಾಯಿ ಬಿಡಂಗಿಲ್ಲ. ಗಾಂಜಾ ಸೇದೋದು, ಇಟ್ಕೊಳ್ಳೋದು 1985ರ ಎನ್‌ಡಿಪಿಎಸ್ ಕಾಯ್ದೆಯಾಗ ತಪ್ಪ ಹೌದು, ಆದ್ರ ಅದ ಕಾಯ್ದೆಯಾಗ 64ಎ ಅಂತ ಸೆಕ್ಷನ್ ಐತಿ, ಚಟಕ್ಕ ಬಿದ್ದಾವ ಸೇದಿದ್ದಕ್ಕ, ಇಲ್ಲಾ ಸಣ್ಣ ಪ್ರಮಾಣ ಇಟ್ಕೊಂಡಿದ್ದಕ್ಕ ಸಿಕ್ಕಿದ್ರೂ, ತಾನ ಮುಂದ ಬಂದು ಸರ್ಕಾರಿ ಇಲ್ಲಾ ಮಾನ್ಯತೆ ಇರೋ ಕಡೆ ಟ್ರೀಟ್‌ಮೆಂಟ್ ಪೂರ್ತಿ ತಗೊಂಡ್ರ ಅವ್ನ ಮ್ಯಾಲ ಕೇಸ್ ನಡ್ಸಂಗಿಲ್ಲ. ನಡುವ ಬಿಟ್ಟು ಓಡಿದ್ರ ಈ ರಕ್ಷಣೆ ಹೋಕೈತಿ. ಮಾರೋವ್ನಿಗೆ ಇದು ಅನ್ವಯ ಆಗಂಗಿಲ್ಲ, ಹಾಸ್ಟೆಲ್‌ನ್ಯಾಗ ಮಾರಾವ ಸಿಕ್ರ ನಾನು ಒಂದು ದಿನನೂ ಮುಚ್ಚಿಡಂಗಿಲ್ಲ, 112ಕ್ಕ ಹೇಳ್ತೀನಿ.

ಮನಿಗೆ ಹೇಳೋದು ಬ್ಯಾಡ ಅಂತಲ್ಲ, ಹುಡುಗನ್ನ ಕೇಳಿ ಹೇಳ್ರಿ. "ಯಾರಿಗೆ ಹೇಳೋಣು?" ಅಂದ್ರ ಅಪ್ಪನ ಹೆಸ್ರು ತಗೊಳ್ಳೋದು ಕಡಿಮಿ, ಅಕ್ಕ, ಸ್ವಾದರಮಾವ, ಅವ್ವ ಅಂತಾರ. ನಮ್ಮ ಕಡೆ ಹೆಣ್ಮಕ್ಕಳನ್ನ ಹಗರಾಗಿ ತಿಳಿಬ್ಯಾಡ್ರಿ, ಕುಡಿತ ನಿಲ್ಲಿಸ್ರಿ ಅಂತ 2019ರ ಜನವರಿಯಾಗ ಚಿತ್ರದುರ್ಗದಿಂದ ಬೆಂಗ್ಳೂರಿನ ತನಕ ನಡ್ಕೊಂಡು ಹೋದವರೊಳಗ ರಾಯಚೂರು ಜಿಲ್ಲೆದ ತಾಯಂದ್ರು ಇದ್ರು. ಅವ್ವಗ ಹೇಳಿದ್ರ ಅಳ್ತಾಳ, ಆದ್ರ ಮರುದಿನ ಆಸ್ಪತ್ರಿ ಬಾಗ್ಲಾಗ ನಿಂತಿರ್ತಾಳ.

ಟ್ರೀಟ್‌ಮೆಂಟ್ ಮುಗ್ಸಿ ಬಂದಾವ್ನ ಹಳೇ ರೂಮಿಗೆ ಹಾಕ್ಬ್ಯಾಡ್ರಿ, ಅಟೆಂಡೆನ್ಸ್ ಕೊರತಿ ಬಗ್ಗೆ ಎಚ್‌ಒಡಿ ಹತ್ರ ಅಂವ ಬರೋಕ್ಕಿಂತ ಮೊದ್ಲ ಮಾತಾಡಿಟ್ಟಿರ್ರಿ. ಮತ್ತೊಮ್ಮೆ ಕುಡ್ದ ಅಂದ್ರ ಎಲ್ಲಾ ಹಾಳಾತು ಅಂತ ಕೈ ಬಿಡ್ಬ್ಯಾಡ್ರಿ, ಭಾಳ ಮಂದಿ ಒಮ್ಮೆ ಎಡವತಾರ, ಮತ್ತ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ರಿ. ಬಂದ ಮೊದಲ್ನೇ ಶನಿವಾರ ಸಂಜಿ ಆರಕ್ಕ ಅವ್ನ ಬಾಗ್ಲಾ ಬಡ್ದು, "ನಡಿಯೋ, ವಾಲಿಬಾಲಿಗೆ ಒಬ್ಬ ಕಮ್ಮಿ ಅದಾನ" ಅಂತ ಕರ್ಕೊಂಡು ಹೋಗ್ರಿ.