ಮದುವೆಗೆ ಮುಂಚಿನ ಲೈಂಗಿಕ ಸಂಬಂಧ: ಯುವಜನರ ಧೋರಣೆಯನ್ನು ಕೇಳಿ ತಿಳಿಯುವ ಬಗೆ

ಈ ವಿಷಯದಲ್ಲಿ ಯುವಜನರ ಅಭಿಪ್ರಾಯ ಸಂಗ್ರಹಿಸಲು ಹೊರಟವರು ಪ್ರಶ್ನಾವಳಿ ಬರೆಯುವ ಮೊದಲೇ ಒಂದನ್ನು ತೀರ್ಮಾನಿಸಿಕೊಳ್ಳಬೇಕು: ತಾವು ತಿಳಿಯಬಯಸುವುದು ಅವರು ಯಾವುದನ್ನು ಸರಿಯೆಂದು ನಂಬುತ್ತಾರೆ ಎಂಬುದನ್ನೋ, ಸ್ವತಃ ಹೇಗೆ ನಡೆದುಕೊಂಡಿದ್ದಾರೆ ಎಂಬುದನ್ನೋ, ಓರಗೆಯವರು ಹೇಗೆ ನಡೆದುಕೊಳ್ಳುತ್ತಾರೆಂದು ಊಹಿಸುತ್ತಾರೆ ಎಂಬುದನ್ನೋ? ತಪ್ಪೆಂದು ನಂಬಿಯೂ ಸಂಬಂಧ ಇಟ್ಟುಕೊಂಡವರಿರುತ್ತಾರೆ, ತಪ್ಪಲ್ಲವೆಂದು ಹೇಳಿ ತಾವು ದೂರವೇ ಉಳಿದವರೂ ಇರುತ್ತಾರೆ. ಆದ್ದರಿಂದ ಮೂರನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಬಾರದು.

ಹೆಚ್ಚು ಎಚ್ಚರ ಬೇಕಾದದ್ದು ಪ್ರಶ್ನೆಯ ಮಾತಿನಲ್ಲಿ. ಅಮೆರಿಕದ ಜನರಲ್ ಸೋಷಿಯಲ್ ಸರ್ವೆ ಎಂಬ ರಾಷ್ಟ್ರಮಟ್ಟದ ಅಭಿಪ್ರಾಯ ಸಮೀಕ್ಷೆ 1972ರಿಂದ ಈ ಕುರಿತು ಕೇಳುತ್ತ ಬಂದಿರುವ ಪ್ರಶ್ನೆಗೆ ನಾಲ್ಕು ಉತ್ತರಗಳಿವೆ: ಯಾವಾಗಲೂ ತಪ್ಪು, ಬಹುಮಟ್ಟಿಗೆ ಯಾವಾಗಲೂ ತಪ್ಪು, ಕೆಲವೊಮ್ಮೆ ಮಾತ್ರ ತಪ್ಪು, ತಪ್ಪೇ ಅಲ್ಲ. ಕಾಲದಿಂದ ಕಾಲಕ್ಕೆ ಆಗುವ ಬದಲಾವಣೆಯನ್ನು ಅಳೆಯಲು ಇದು ಒಳ್ಳೆಯ ಮಾದರಿ. ಆದರೆ ‘ಕೆಲವೊಮ್ಮೆ’ ಎಂದವರ ಮನಸ್ಸಿನಲ್ಲಿರುವುದು ಯಾವ ಸಂದರ್ಭ ಎಂಬುದು ಇದರಿಂದ ತಿಳಿಯುವುದಿಲ್ಲ. ಸಮಾಜಶಾಸ್ತ್ರಜ್ಞ ಐರಾ ರೈಸ್ 1960ರ ದಶಕದಲ್ಲಿಯೇ ಸಂದರ್ಭಗಳನ್ನು ಬಿಡಿಸಿ ಕೇಳುವ ಅಳತೆಗೋಲನ್ನು ರೂಪಿಸಿದ್ದರು: ಮದುವೆ ನಿಶ್ಚಯವಾಗಿದ್ದರೆ, ಪ್ರೀತಿಯಿದ್ದರೆ, ವಿಶೇಷ ಒಲವೇನೂ ಇಲ್ಲದಿದ್ದರೆ, ಅದೂ ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ.

ಗಂಡು-ಹೆಣ್ಣಿನ ಈ ಇಬ್ಬಗೆಯ ನೀತಿಯೇ ಇಡೀ ವಿಷಯದ ತಿರುಳು ಎಂಬುದು ನನ್ನ ಅನಿಸಿಕೆ, ಮತ್ತು ಅದು ಸುಲಭವಾಗಿ ಕೈಗೆ ಸಿಗುವುದಿಲ್ಲ. ಒಮ್ಮೆ ನನ್ನ ಮುಂದೆ ಬಂದ ಹಾಳೆಯಲ್ಲಿ ಹುಡುಗನ ಕುರಿತ ಪ್ರಶ್ನೆಗೆ ‘ತಪ್ಪೇ ಅಲ್ಲ’ ಎಂದು ಗುರುತು ಹಾಕಿದ್ದವರು, ಕೆಳಗಿನ ಸಾಲಿನಲ್ಲಿ ಅದೇ ಪ್ರಶ್ನೆ ಹುಡುಗಿಯ ಬಗ್ಗೆ ಎದುರಾದೊಡನೆ ಮೇಲಿನ ಗುರುತನ್ನು ಒತ್ತಿ ಗೀಚಿ, ಎರಡಕ್ಕೂ ‘ಕೆಲವೊಮ್ಮೆ’ ಎಂದು ಸಮ ಮಾಡಿದ್ದರು. ಹೀಗಾಗದಿರಲು ಎರಡು ಬಗೆಯ ಹಾಳೆಗಳನ್ನು ಸಿದ್ಧಪಡಿಸಿ, ಅರ್ಧ ಜನರಿಗೆ ಹುಡುಗನ ಪ್ರಶ್ನೆಯನ್ನೂ ಉಳಿದರ್ಧಕ್ಕೆ ಹುಡುಗಿಯ ಪ್ರಶ್ನೆಯನ್ನೂ ಚೀಟಿಯೆತ್ತಿ ಹಂಚಬೇಕು. ಎರಡು ಗುಂಪುಗಳ ಉತ್ತರಗಳ ಅಂತರವೇ ಇಬ್ಬಗೆಯ ನೀತಿಯ ಅಳತೆ.

ಉತ್ತರ ಬರೆಯುವಾಗ ಪಕ್ಕದಲ್ಲಿ ಗೆಳೆಯರಾಗಲಿ ಮನೆಯವರಾಗಲಿ ಇರಕೂಡದು, ಕೇಳುವವರೂ ಕಣ್ಣೆದುರು ಕೂರಬಾರದು. ಅಮೆರಿಕದ ಹದಿಹರೆಯದ ಹುಡುಗರ ಬಗ್ಗೆ 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಾಗದದ ಮೇಲೆ ಬರೆದವರಿಗಿಂತ ಇಯರ್‌ಫೋನಿನಲ್ಲಿ ಪ್ರಶ್ನೆ ಕೇಳಿಸಿಕೊಂಡು ಕಂಪ್ಯೂಟರಿನಲ್ಲಿ ಉತ್ತರಿಸಿದವರು ಮುಜುಗರದ ಸಂಗತಿಗಳನ್ನು ಹೆಚ್ಚಾಗಿ ಒಪ್ಪಿಕೊಂಡಿದ್ದರು. ಸಂಶೋಧಕ ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಸೂಚಿಸಿದ, ಉತ್ತರಕ್ಕೆ ಆಕಸ್ಮಿಕತೆಯ ಮರೆ ಕೊಡುವ ವಿಧಾನವೂ ಇದೆ: ‘ಮಾಡಿದ್ದೇನೆ’, ‘ಮಾಡಿಲ್ಲ’ ಎಂಬ ಎರಡು ಹೇಳಿಕೆಗಳಲ್ಲಿ ಯಾವುದಕ್ಕೆ ಹೌದು-ಅಲ್ಲ ಎನ್ನಬೇಕೆಂಬುದನ್ನು ಕೇಳುವವರಿಗೆ ಕಾಣದಂತೆ ಅದೃಷ್ಟವೇ ಆರಿಸುತ್ತದೆ, ಹಾಗಾಗಿ ಒಬ್ಬರ ಉತ್ತರದಿಂದ ಅವರ ಗುಟ್ಟು ತಿಳಿಯದಿದ್ದರೂ ಇಡೀ ಗುಂಪಿನ ಪ್ರಮಾಣವನ್ನು ಲೆಕ್ಕ ಹಾಕಬಹುದು. ಆದರೆ ಅದಕ್ಕೆ ದೊಡ್ಡ ಗುಂಪು ಬೇಕಾಗುವುದರಿಂದ ನೂರಿನ್ನೂರು ಜನರ ಸಮೀಕ್ಷೆಗೆ ಹೊಂದುವುದಿಲ್ಲ.

ಹೆಸರು ಬರೆಸಬಾರದು. ‘ಹೇಳಲು ಇಷ್ಟವಿಲ್ಲ’ ಎಂಬ ಆಯ್ಕೆ ಇರಲೇಬೇಕು, ಅದನ್ನು ಆರಿಸಿದವರ ಸಂಖ್ಯೆಯನ್ನೂ ವರದಿಯಲ್ಲಿ ಕೊಡಬೇಕು. ಸ್ವಂತ ಅನುಭವ ಕೇಳುವುದಾದರೆ ಬಲವಂತಕ್ಕೆ ಒಳಗಾದವರನ್ನು ‘ಸಂಬಂಧ ಇಟ್ಟುಕೊಂಡವರು’ ಎಂಬ ಲೆಕ್ಕಕ್ಕೆ ಸೇರಿಸದಂತೆ ಆ ಪ್ರಶ್ನೆಯನ್ನು ಪ್ರತ್ಯೇಕವಾಗಿಟ್ಟು, ನೆರವು ಎಲ್ಲಿ ಸಿಗುತ್ತದೆ ಎಂಬ ವಿವರವನ್ನು ಅದೇ ಹಾಳೆಯ ಕೊನೆಯಲ್ಲಿ ಅಚ್ಚು ಹಾಕಿಸಬೇಕು.